ಜೂನ್ ಒಂದು

ಝೀನತ್ ಟೀಚರ್, ಇದು ಬೀಗದಕೈ ಗೊಂಚಲು.
ಹದಿಮೂರು ಉಂಟು. ಬೀಗ ಇರುವುದು ಒಂಬತ್ತು.
ಉಳಿದ ನಾಲ್ಕು ಯಾವುದರದ್ದೆಂದು
ನನಗೆ ಕೊಟ್ಟವರೂ ಹೇಳಲಿಲ್ಲ.
ಬಿಸಾಡಬೇಡಿ, ಆಡಿಟಿನವರು ಎಣಿಸುತ್ತಾರೆ.

ಬೆಳಿಗ್ಗೆ ಬಂದರಿನಲ್ಲಿ ಬೆಂಗ್ರೆಯ ಫೆರಿ ಹತ್ತುವಾಗ
ಟಿಕೇಟಿನ ಹುಡುಗ ದುಡ್ಡು ತಕೊಳ್ಳಲಿಲ್ಲ.
"ಇವತ್ತು ಬೇಡ ಟೀಚರ್" ಅಂದ, ನದಿಯ ಕಡೆ ನೋಡಿಕೊಂಡು.
ಏಳರ ಮಗ್ಗಿಗೆ ನನ್ನ ಕೈಯಿಂದ ಪೆಟ್ಟು ತಿಂದವ.
ಏಳೆಂಟ್ಲಿ ಐವತ್ತನಾಲ್ಕು ಎಂದೇ ಹೇಳಿದ, ಕೊನೆಯವರೆಗೂ.
ಈಗ ಚಿಲ್ಲರೆಯಲ್ಲಿ ಒಂದು ರೂಪಾಯಿ ತಪ್ಪುವುದಿಲ್ಲ.

ಇವತ್ತು ಮೇ ಮೂವತ್ತೊಂದು.
ಸರಕಾರದ ಲೆಕ್ಕದಲ್ಲಿ ನಾನು ಹುಟ್ಟಿದ್ದು ಜೂನ್ ಒಂದಕ್ಕೆ.
ಒಂದನೇ ತಾರೀಕಿಗೆ ಹುಟ್ಟಿದವರು
ಹಿಂದಿನ ದಿನವೇ ಮುಗಿಯಬೇಕು, ಹಾಗೊಂದು ನಿಯಮ.

ಅಮ್ಮ ಹೇಳುತ್ತಿದ್ದದ್ದು ಬೇರೆ.
ಆಟಿ ಅಮಾವಾಸ್ಯೆ, ಇನ್ನೂ ಕತ್ತಲೆ.
ಅಪ್ಪ ಪಾಲೆ ಮರದ ತೊಗಟೆ ಕಲ್ಲಿನಲ್ಲಿ ಜಜ್ಜಿ ತಂದಿದ್ದ.
ಕಷಾಯ ಒಲೆಯ ಮೇಲಿತ್ತು.
ಕುಡಿಯುವ ಮೊದಲೇ ನಾನು ಬಂದೆನಂತೆ.
ಆ ವರ್ಷ ಅವಳೊಬ್ಬಳಿಗೆ ಕಹಿ ತಪ್ಪಿತು.

ಶಾಲೆಗೆ ಸೇರಿಸುವಾಗ ಹೆಡ್ಮಾಸ್ಟರು ಕೇಳಿದ್ದು ತಾರೀಕು,
ಅಮ್ಮ ಕೊಟ್ಟದ್ದು ಕಷಾಯ.
ಅವರು ಕನ್ನಡಕ ಒರೆಸಿ,
ನನ್ನ ಬಲಗೈ ತಲೆಯ ಮೇಲಿನಿಂದ
ಎಡಗಿವಿಗೆ ಮುಟ್ಟುತ್ತದೋ ನೋಡಿ,
ಬರೆದರು.
ಮೀನಿನ ಬುಟ್ಟಿ ಹೊರಗಿಟ್ಟು ಬಂದವಳಿಗೆ
ತಿದ್ದಿ ಅನ್ನುವಷ್ಟು ಪುರುಸೊತ್ತಿರಲಿಲ್ಲ,
ಓದು ಬರುತ್ತಲೂ ಇರಲಿಲ್ಲ.

"ಕೋರ್ಟಿಗೆ ಹೋಗಬಹುದಿತ್ತು" ಎಂದರು ಸಂಘದ ವಾಮನ ಮಾಸ್ಟ್ರು.
ಎರಡು ತಿಂಗಳಿಗೆ ಎಂತ ಕೋರ್ಟು ಮಾರಾಯ್ರೇ.

ಬೋಟುಗಳಿಗೂ ಇವತ್ತೇ ಕೊನೆ. ನಾಳೆಯಿಂದ ಬಲೆ ಬಂದ್.
ನೋಡಿ, ಅಳಿವೆಯಿಂದ ಒಂದರ ಹಿಂದೆ ಒಂದು ಬರುತ್ತಿವೆ.
ಅವುಗಳಿಗೆ ಅರುವತ್ತೊಂದು ದಿನ ಮಾತ್ರ, ಬಿಡಿ.

ಅಂಗಳದಲ್ಲಿ ಶಾಲು, ಹಣ್ಣಿನ ಬುಟ್ಟಿ ತಯಾರಿದೆ.
ಮೈಕಿನ ಮುಂದೆ ನಾನು ಚೆಂದದ್ದೇ ಹೇಳುತ್ತೇನೆ.
ಇದನ್ನು ನಿಮಗೆ ಇಲ್ಲೇ ಹೇಳಬೇಕು.

ಆ ಕಪಾಟಿನಲ್ಲಿ ಹಳೆಯ ಅಡ್ಮಿಷನ್ ರಿಜಿಸ್ಟರು ಉಂಟು,
ನೀಲಿ ಬಟ್ಟೆಯ ರಟ್ಟು, ಬೆನ್ನಿಗೆ ಗೆದ್ದಲು.
ಅದರಲ್ಲಿ ನಲುವತ್ತೊಂದು ಮಕ್ಕಳು
ಜೂನ್ ಒಂದಕ್ಕೇ ಹುಟ್ಟಿದ್ದಾರೆ.
ಎಲ್ಲ ನನ್ನ ಅಕ್ಷರ.
ಒಬ್ಬಳು ತಾಯಿ, "ಬಂಗುಡೆ ರಾಶಿ ಬಿದ್ದ ವಾರ" ಅಂದಿದ್ದಳು.
ಇನ್ನೊಬ್ಬಳು, "ನೋಂಬಿನ ಇಪ್ಪತ್ತೇಳನೇ ರಾತ್ರಿ".
ಕೂತು ಲೆಕ್ಕ ಹಾಕಿದ್ದರೆ ಸಿಗುತ್ತಿತ್ತು.
ಹಾಕಲಿಲ್ಲ. ಐದೂಕಾಲರ ಫೆರಿ ಇತ್ತು.

ಒಂದೇ ಒಂದು ಸಲ,
ಗಾಳಿಮಳೆಗೆ ಫೆರಿ ನಿಂತ ದಿನ,
ದಕ್ಕೆಯ ಕೆಲಸಕ್ಕೆ ಕೊಪ್ಪಳದಿಂದ ಬಂದವಳು
ಒದ್ದೆ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.
ಹೆಸರು ಹುಲಿಗೆಮ್ಮ. ತಾರೀಕು?
"ನನಗೇನ್ ಗೊತ್ರೀ ಅಕ್ಕಾರ, ನೀವ ಒಂದ್ ಚಲೋ ದಿನ ಬರೀರಿ."
ನನ್ನ ಹತ್ತಿರ ಒಂದು ದಿನ ಬಳಸದೇ ಇತ್ತು.
ಪಂಚಾಂಗ ನೋಡಿ ಹಿಂದೆಯೇ ಕಂಡುಹಿಡಿದದ್ದು:
ಆಗಸ್ಟು ಏಳು.
ಅದನ್ನು ಬರೆದೆ.
"ಅವತ್ತ ಏನ್ ವಿಶೇಷ ರೀ?"
ಕಹಿ ಕುಡಿಯುವ ದಿನ ಎಂದೆ. ಅವಳು ನಕ್ಕಳು,
ತಮಾಷೆ ಎಂದುಕೊಂಡಳೋ ಏನೋ.

ಮೂರನೇ ಕ್ಲಾಸಿನವರೆಗೆ ಇದ್ದಳು ಹುಡುಗಿ.
ಟಿ.ಸಿ. ಕೇಳಲು ಯಾರೂ ಬರಲಿಲ್ಲ.

ಸಾಕು. ಇಲ್ಲಿ ಸಹಿ ಮಾಡಿ, ಇಲ್ಲಿ, ಮತ್ತೆ ಇಲ್ಲಿ.
ಬಿಸಿಯೂಟದ ಅಕ್ಕಿ ಎರಡು ಗೋಣಿ ಕಡಿಮೆ ತೋರುತ್ತದೆ,
ಹೆಗ್ಗಣ; ಅಪ್ಪಿಯಕ್ಕನನ್ನು ಸಂಶಯಿಸಬೇಡಿ.

ಬಾಗಿಲಲ್ಲಿ ಯಾರದು?
ಮಗುವಿನ ಕೈ ಹಿಡಿದು ನಿಂತಿದ್ದಾಳೆ,
ಕಾಗದಪತ್ರ ಏನೂ ಕಾಣುವುದಿಲ್ಲ.
ಒಳಗೆ ಕರೆಯಿರಿ. ಶಾಲಿನವರು ಕಾಯಲಿ.
ಐದರವರೆಗೆ ನನ್ನ ಸಹಿ ನಡೆಯುತ್ತದೆ.

ಕುರ್ಚಿಯಲ್ಲಿ ನೀವೇ ಕೂತುಕೊಳ್ಳಿ,
ನಾನು ಈ ಬೆಂಚಿನಲ್ಲಿ, ಅವಳ ಪಕ್ಕ.
ಕೂತುಕೊಳ್ಳಮ್ಮ. ಅವಸರ ಇಲ್ಲ.
ಇವ ಹುಟ್ಟುವಾಗ ಒಲೆಯ ಮೇಲೆ ಎಂತ ಇತ್ತು?